ಎಲಾಸ್ಟೋ ಮೇನಿಯಾ ಕಲಿಯುವ ಬಗೆ: ಮೊದಲು ಬ್ರೇಕು, ಆಮೇಲೆ ಎಕ್ಸಲರೇಟರ್

ಎಲಾಸ್ಟೋ ಮೇನಿಯಾ ಅನ್ನುವ ಬೈಕಿನ ಕಂಪ್ಯೂಟರ್ ಆಟ ಆಡಲು ಕೂತ ಹೊಸಬರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಸಾಯುತ್ತಾರೆ. ಆಟ ಶುರುವಾದ ಕೂಡಲೇ ಮೇಲಿನ ಬಾಣದ ಕೀ ಒತ್ತಿ ಹಿಡಿಯುತ್ತಾರೆ. ಬೈಕು ನುಗ್ಗುತ್ತದೆ, ಮುಂದಿನ ಚಕ್ರ ಎದ್ದೇಳುತ್ತದೆ, ಗಾಡಿ ಹಿಂದಕ್ಕೆ ಮಗುಚುತ್ತದೆ, ತಲೆ ನೆಲಕ್ಕೆ ಬಡಿಯುತ್ತದೆ. ಮತ್ತೆ ಶುರು, ಮತ್ತೆ ಅದೇ ಕತೆ. ಸ್ವಲ್ಪ ಹೊತ್ತಿಗೆ "ಇದೆಂಥ ಆಟ ಮಾರಾಯಾ" ಅಂತ ಎದ್ದು ಹೋಗುತ್ತಾರೆ.

ಇದನ್ನು ರೇಸ್ ಆಟ ಅಂದುಕೊಂಡಿರುವುದೇ ಎಡವಟ್ಟಿಗೆ ಕಾರಣ. ಇಲ್ಲಿ ಎಕ್ಸಲರೇಟರ್‌ನ ಪಾಲು ಕಡಿಮೆ. ಗಾಡಿಯನ್ನು ಬದುಕಿಸುವುದು ಎಡ-ಬಲದ ಬಾಣದ ಕೀಗಳು ಮತ್ತು ಬ್ರೇಕು. ಹಾಗಾಗಿ ಕಲಿಕೆಯ ಕ್ರಮವನ್ನೂ ತಿರುವು ಹಾಕಬೇಕು: ಮೊದಲು ನಿಲ್ಲುವುದು, ಆಮೇಲೆ ಗಾಡಿಯನ್ನು ಓಲಾಡಿಸುವುದು, ಓಡಿಸುವುದು ಎಲ್ಲದರ ನಂತರ.

## ಯಾವ ಆಟ, ಎಲ್ಲಿ ಸಿಗುತ್ತದೆ

ಇದನ್ನು ಮಾಡಿದ್ದು ಹಂಗೇರಿಯ ಬಲಾಜ್ ರೋಜಾ ಎಂಬ ಪ್ರೋಗ್ರಾಮರ್. 1997ರಲ್ಲಿ ಅವರು ಡಾಸ್‌ಗೆ (ವಿಂಡೋಸ್‌ಗಿಂತ ಹಳೆಯ ಕಂಪ್ಯೂಟರ್ ವ್ಯವಸ್ಥೆ) 'ಆ್ಯಕ್ಷನ್ ಸೂಪರ್‌ಕ್ರಾಸ್' ಅಂತ ಒಂದು ಬೈಕ್ ಆಟ ತಂದರು. ಅದನ್ನೇ ಬೆಳೆಸಿ 2000ದಲ್ಲಿ ವಿಂಡೋಸ್‌ಗೆ ಎಲಾಸ್ಟೋ ಮೇನಿಯಾ ಮಾಡಿದರು. ಆಡುವವರು ಪ್ರೀತಿಯಿಂದ 'ಎಲ್ಮಾ' ಅನ್ನುತ್ತಾರೆ. ಆಟದ ಜೊತೆಗೇ 54 ಲೆವೆಲ್ ಬರುತ್ತವೆ. ಮೊದಲನೆಯದು 'ವಾರ್ಮ್ ಅಪ್', ಕೊನೆಯದು 'ಆ್ಯಪಲ್ ಹಾರ್ವೆಸ್ಟ್'. ನಡುವೆ 'ಹ್ಯಾಂಗ್‌ಮ್ಯಾನ್', 'ಹೆಡ್‌ಬ್ಯಾಂಗರ್', 'ವಾಟ್ ದ ಹೆಕ್' ಅನ್ನುವ ಹೆಸರುಗಳಿವೆ. ಹೆಸರಲ್ಲೇ ಬೆದರಿಕೆ ಹಾಕುವ ಅಭ್ಯಾಸ ಈ ಆಟಕ್ಕೆ.

ನಿಯಮ ಬಹಳ ಸರಳ. ಪಕ್ಕದಿಂದ ಕಾಣುವ ಬೈಕು, ಸುತ್ತ ದಿಬ್ಬ, ಗುಂಡಿ, ಸುರಂಗ. ಅಲ್ಲಲ್ಲಿ ಸೇಬು ಇಟ್ಟಿರುತ್ತಾರೆ. ಎಲ್ಲ ಸೇಬುಗಳನ್ನೂ ಮುಟ್ಟಿ, ಕೊನೆಗೆ ಹೂವನ್ನು ಮುಟ್ಟಬೇಕು. ಒಂದು ಸೇಬು ಬಾಕಿ ಇದ್ದರೂ ಹೂವು ಸುಮ್ನೆ ಅಲಂಕಾರಕ್ಕೆ. ಸವಾರನ ತಲೆ ನೆಲಕ್ಕೋ ಚಾವಣಿಗೋ ತಾಗಿದರೆ ಸಾವು. ಕೊಲ್ಲುವ ಮುಳ್ಳಿನ ಉಂಡೆಗಳೂ ಇವೆ, ಅವನ್ನು ಚಕ್ರ ತಾಗಿದರೂ ಸಾವೇ. ಚೆಕ್‌ಪಾಯಿಂಟ್ ಇಲ್ಲ. ಸತ್ತರೆ ಮೊದಲಿನಿಂದ.

ಈಗ ಆಡಬೇಕು ಅನ್ನುವವರಿಗೆ ದಾರಿ ಒಂದೆರಡಿವೆ. 2021ರಲ್ಲಿ 'ಎಲಾಸ್ಟೋ ಮೇನಿಯಾ ರೀಮಾಸ್ಟರ್ಡ್' ಬಂದಿದೆ, ಆಟ ಮಾರುವ ಸ್ಟೀಮ್ ಜಾಲತಾಣದಲ್ಲೂ ಗೇಮ್ ಕನ್ಸೋಲ್‌ಗಳಲ್ಲೂ ಸಿಗುತ್ತದೆ. ದುಡ್ಡು ಕೊಡುವ ಮೊದಲು ರುಚಿ ನೋಡೋಣ ಅಂದರೆ 'ಎಕ್ಸ್-ಮೋಟೋ' ಹಾಕಿಕೊಳ್ಳಿ. ಎಲ್ಮಾದಿಂದ ಪ್ರೇರಣೆ ಪಡೆದ ಆಟ ಅದು, ಓಪನ್ ಸೋರ್ಸ್, ಪೂರ್ತಿ ಉಚಿತ. ಅಲ್ಲಿ ಸೇಬಿನ ಬದಲು ಸ್ಟ್ರಾಬೆರಿ. ಉಬುಂಟು ಬಳಸುವವರಾದರೆ ಸಾಫ್ಟ್‌ವೇರ್ ಪಟ್ಟಿಯಲ್ಲೇ ಹುಡುಕಬಹುದು. ಬೈಕಿನ ನಡತೆ ಎರಡರಲ್ಲೂ ತದ್ರೂಪು ಅಲ್ಲ, ಆದರೆ ಇಲ್ಲಿ ಹೇಳುವ ಬಹುಪಾಲು ಪಾಠ ಅಲ್ಲೂ ನಡೆಯುತ್ತದೆ.

## ಆಡುವ ಮೊದಲು ಕೀಬೋರ್ಡ್ ನೋಡಿಕೊಳ್ಳಿ

ಎಲ್ಮಾಕ್ಕೆ ಬೇಕಾಗಿರುವುದು ಐದು ಕೀ. ಮೇಲಿನ ಬಾಣ ಎಕ್ಸಲರೇಟರ್, ಕೆಳಗಿನದು ಬ್ರೇಕ್. ಎಡ ಮತ್ತು ಬಲ ಬಾಣ ಗಾಡಿಯನ್ನು ಆಯಾ ಕಡೆಗೆ ತಿರುಗಿಸುತ್ತವೆ. ಸ್ಪೇಸ್ ಬಾರ್ ಒತ್ತಿದರೆ ಬೈಕು ಮುಖ ತಿರುಗಿಸುತ್ತದೆ.

ಅಗ್ಗದ ಕೀಬೋರ್ಡ್‌ಗಳಲ್ಲಿ ಒಂದು ತೊಂದರೆ ಇದೆ. ಕೆಲವು ಕೀಗಳನ್ನು ಮೂರು ಒಟ್ಟಿಗೆ ಒತ್ತಿದರೆ ಮೂರನೆಯದು ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಮೇಲಿನ ಬಾಣ, ಎಡ ಬಾಣ ಮತ್ತು ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತುವ ಸಂದರ್ಭ ಈ ಆಟದಲ್ಲಿ ಬೇಕಾದಷ್ಟು ಬರುತ್ತದೆ. ಆಟ ತೆರೆದು ಎಕ್ಸಲರೇಟರ್ ಕೊಡುತ್ತಾ, ಎಡಕ್ಕೆ ತಿರುಗಿಸುತ್ತಾ ಸ್ಪೇಸ್ ಒತ್ತಿ ನೋಡಿ. ಮುಖ ತಿರುಗಲಿಲ್ಲ ಅಂದರೆ ಆಪ್ಷನ್ಸ್‌ಗೆ ಹೋಗಿ ಮುಖ ತಿರುಗಿಸುವ ಕೆಲಸವನ್ನು ಬೇರೆ ಕೀಗೆ ಕೊಡಿ. ಕಂಟ್ರೋಲ್ ಅಥವಾ ಶಿಫ್ಟ್ ಕೀ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಇದನ್ನು ಮೊದಲೇ ಸರಿಮಾಡಿಕೊಳ್ಳದಿದ್ದರೆ, ನಿಮ್ಮ ಬೆರಳು ಸರಿಯಾಗಿದ್ದರೂ ಗಾಡಿ ಮಾತು ಕೇಳುವುದಿಲ್ಲ, ತಪ್ಪು ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ.

ಬಲಗೈಯ ಮೂರು ಬೆರಳು ಬಾಣದ ಕೀಗಳ ಮೇಲೆ, ಎಡಗೈ ಹೆಬ್ಬೆರಳು ಸ್ಪೇಸ್ ಮೇಲೆ. ಮಧ್ಯದ ಬೆರಳು ಎಕ್ಸಲರೇಟರ್ ಮತ್ತು ಬ್ರೇಕ್ ಎರಡನ್ನೂ ನೋಡಿಕೊಳ್ಳುತ್ತದೆ. ಹೀಗಿದ್ದರೆ ಎರಡನ್ನೂ ಒಟ್ಟಿಗೆ ಒತ್ತುವ ಎಡವಟ್ಟು ತಾನಾಗಿಯೇ ತಪ್ಪುತ್ತದೆ.

## ಗಾಡಿಯ ಒಳಗುಟ್ಟು: ಮೂರು ಉರುಟು

ಇದೊಂದು ವಿಷಯ ಗೊತ್ತಾದರೆ ಅರ್ಧ ಆಟ ಬಂದ ಹಾಗೆ. ಪರದೆ ಮೇಲೆ ಪೂರ್ತಿ ಬೈಕು ಕಾಣುತ್ತದೆ: ಇಂಜಿನ್, ಸೀಟು, ಹ್ಯಾಂಡಲ್, ಸವಾರನ ಕೈಕಾಲು. ಆದರೆ ಆಟದ ಲೆಕ್ಕದಲ್ಲಿ ನೆಲಕ್ಕೆ ತಾಗುವುದು ಮೂರೇ ಮೂರು. ಮುಂದಿನ ಚಕ್ರ, ಹಿಂದಿನ ಚಕ್ರ ಮತ್ತು ಸವಾರನ ತಲೆ. ಮಿಕ್ಕ ಭಾಗ ಗೋಡೆಯ ಒಳಗೆ ತೂರಿಕೊಂಡು ಹೋದರೂ ಏನೂ ಆಗುವುದಿಲ್ಲ. ಸೇಬು ತಿನ್ನುವುದೂ ಈ ಮೂರರಿಂದಲೇ. ಸೇಬಿನ ಮೇಲೆ ಇಂಜಿನ್ ಹಾದುಹೋದರೆ ಸೇಬು ಅಲ್ಲೇ ಉಳಿಯುತ್ತದೆ.

ಇದರ ಪರಿಣಾಮ ದೊಡ್ಡದು. ಚೂಪಾದ ಕಲ್ಲಿನ ತುದಿ ಎರಡು ಚಕ್ರಗಳ ನಡುವೆ ಬಂದರೆ ಹೊಟ್ಟೆಗೆ ಚುಚ್ಚುವುದಿಲ್ಲ, ಸುಮ್ನೆ ಒಳಗೆ ಹೋಗುತ್ತದೆ. ಆಗ ಗಾಡಿ ಆ ತುದಿಗೆ ಕೊಕ್ಕೆ ಹಾಕಿದ ಹಾಗೆ ನಿಲ್ಲುತ್ತದೆ. ಮುಂದೆ ಬರುವ ಎಷ್ಟೋ ಕಸರತ್ತುಗಳ ಮೂಲ ಇಲ್ಲಿದೆ.

ಎರಡನೆಯ ಗುಟ್ಟು ಸ್ಪ್ರಿಂಗು. ಚಕ್ರಗಳು ಗಾಡಿಗೆ ಗಟ್ಟಿಯಾಗಿ ಕೂತಿಲ್ಲ. ಬಹಳ ಮೆತ್ತಗಿನ ಸ್ಪ್ರಿಂಗಿಗೆ ಕಟ್ಟಿದ್ದಾರೆ. ಜೋರಾಗಿ ಬಿದ್ದರೆ ಚಕ್ರಗಳು ನೆಲದಲ್ಲೇ ನಿಂತು ಮೈ ಮಾತ್ರ ಕುಗ್ಗುತ್ತದೆ, ಜೊತೆಗೆ ತಲೆಯೂ ನೆಲದ ಹತ್ತಿರ ಬರುತ್ತದೆ. ಆಮೇಲೆ ಸ್ಪ್ರಿಂಗು ಆ ಶಕ್ತಿಯನ್ನೆಲ್ಲ ವಾಪಸ್ ಕೊಡುತ್ತದೆ. ಸ್ಪ್ರಿಂಗನ್ನು ಎರಡು ಪಟ್ಟು ಅದುಮಿದರೆ ಅದರಲ್ಲಿ ಕೂಡಿಡುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎತ್ತರದಿಂದ ಬಿದ್ದ ಗಾಡಿ ಎತ್ತಲೋ ಚಿಮ್ಮುವುದು ಇದಕ್ಕೇ.

ಮೂರನೆಯದು ಹಿಡಿತ. ಚಕ್ರಕ್ಕೂ ನೆಲಕ್ಕೂ ಇರುವ ಹಿಡಿತ ನಿಜವಾದ ಬೈಕಿಗಿಂತ ಬಹಳ ಜಾಸ್ತಿ. ಹಾಗಾಗಿ ಗಾಳಿಯಲ್ಲಿ ಎಕ್ಸಲರೇಟರ್ ಕೊಟ್ಟು ಹಿಂದಿನ ಚಕ್ರವನ್ನು ಗಿರ್ರನೆ ತಿರುಗಿಸುತ್ತಾ ನೆಲಕ್ಕೆ ಇಳಿದರೆ, ತಾಗಿದ ಕ್ಷಣವೇ ಗಾಡಿ ಕವಣೆ ಕಲ್ಲಿನಂತೆ ಹಾರುತ್ತದೆ. ಬೇಕೆಂದೇ ಮಾಡಿದರೆ ಅದು ಆಯುಧ, ಬೇಡದಿದ್ದಾಗ ಆದರೆ ಅಪಘಾತ.

## ಹಂತ 1: ಬ್ರೇಕ್ ಹಿಡಿದು ನಿಲ್ಲುವುದು

'ವಾರ್ಮ್ ಅಪ್' ತೆರೆಯಿರಿ. ಸೇಬು, ಹೂವು ಸದ್ಯಕ್ಕೆ ಮರೆತುಬಿಡಿ. ಎಕ್ಸಲರೇಟರ್ ಒಂದು ಸಲ ತಟ್ಟಿ ಬಿಡಿ. ಗಾಡಿ ಉರುಳತೊಡಗಿದಾಗ ಬ್ರೇಕ್ ಹಿಡಿಯಿರಿ.

ಈ ಆಟದ ಬ್ರೇಕು ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಮುಂದಿನದು ಬೇರೆ, ಹಿಂದಿನದು ಬೇರೆ ಅಂತಿಲ್ಲ. ಚಕ್ರ ನಿಂತರೂ ಮೈಯ ವೇಗ ಹೋಗಿರುವುದಿಲ್ಲ, ಅದು ಮುಂದಕ್ಕೆ ಬಾಗುತ್ತದೆ. ವೇಗ ಜಾಸ್ತಿ ಇದ್ದರೆ ಮುಂದಿನ ಚಕ್ರದ ಮೇಲೆ ಪಲ್ಟಿ. ಪಲ್ಟಿ ಆಗದ ಹಾಗೆ ಎಷ್ಟು ವೇಗದಲ್ಲಿ, ಎಷ್ಟು ದೂರದಲ್ಲಿ ನಿಲ್ಲಿಸಬಹುದು ಅಂತ ಬೆರಳಿಗೆ ತಿಳಿಯಬೇಕು. ಒಂದೇ ಸಲ ಒತ್ತಿ ಹಿಡಿಯುವುದಕ್ಕಿಂತ ಒತ್ತಿ-ಬಿಟ್ಟು-ಒತ್ತುವುದು ಒಳ್ಳೆಯದು.

ಆಮೇಲೆ ಇಳಿಜಾರಿನಲ್ಲಿ ನಿಲ್ಲಿಸಿ. ಬ್ರೇಕ್ ಹಿಡಿದಿರುವ ತನಕ ಗಾಡಿ ನಿಂತೇ ಇರುತ್ತದೆ, ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಗುತ್ತದೆ. ಗಡಿಯಾರ ಓಡುತ್ತಿದೆ ಅಂತ ಗಾಬರಿ ಬೇಡ. ಕಲಿಯುವಾಗ ಅದನ್ನು ನೋಡುವವರಿಗೆ ಆಟ ಬರುವುದಿಲ್ಲ.

## ಹಂತ 2: ವೋಲ್ಟ್

ಎಡ ಅಥವಾ ಬಲ ಬಾಣ ಒತ್ತಿದಾಗ ಗಾಡಿ ಜರ್ಕ್ ಹೊಡೆದು ತಿರುಗುತ್ತದಲ್ಲ, ಅದನ್ನು ಎಲ್ಮಾ ಆಡುವವರು 'ವೋಲ್ಟ್' ಅನ್ನುತ್ತಾರೆ. ಎಡ ಬಾಣ ಗಾಡಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತದೆ, ಬಲ ಬಾಣ ಮುಳ್ಳಿನ ದಿಕ್ಕಿಗೆ. ಬೈಕು ಯಾವ ಕಡೆ ಮುಖ ಮಾಡಿದ್ದರೂ ಇದು ಬದಲಾಗುವುದಿಲ್ಲ.

ಹಾಗಾಗಿ ನೆನಪಿಡಬೇಕಾದದ್ದು ಇಷ್ಟು: ಮುಖ ಇರುವ ಕಡೆಯ ಬಾಣ ಮುಂದಿನ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಬೆನ್ನಿರುವ ಕಡೆಯ ಬಾಣ ಅದನ್ನು ಮೇಲಕ್ಕೆ ಎತ್ತುತ್ತದೆ. ಬಲಕ್ಕೆ ಹೋಗುತ್ತಿದ್ದರೆ ಬಲ ಬಾಣ ಮೂತಿ ಕೆಳಗೆ, ಎಡ ಬಾಣ ಮೂತಿ ಮೇಲೆ. ಎಡಕ್ಕೆ ಹೋಗುವಾಗ ಇದು ಉಲ್ಟಾ. ಓದುವಾಗ ಸುಲಭ ಅನಿಸುತ್ತದೆ. ಗಾಡಿ ಗಾಳಿಯಲ್ಲಿ ತಲೆಕೆಳಗಾಗಿ, ಮುಖವೂ ತಿರುಗಿದ್ದಾಗ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಆಗ ಮೂತಿಯ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಹಿಡಿಯಿರಿ. ಯಾವ ಕಡೆ ಸುತ್ತಿದರೆ ಚಕ್ರಗಳು ಬೇಗ ಕೆಳಗೆ ಬರುತ್ತವೆ ಅಂತ ಮಾತ್ರ ನೋಡಿ.

ಭೌತಶಾಸ್ತ್ರದ ಮೇಷ್ಟ್ರು ಈ ವೋಲ್ಟನ್ನು ಒಪ್ಪುವುದಿಲ್ಲ. ಗಾಳಿಯಲ್ಲಿರುವ ವಸ್ತು ಯಾವುದನ್ನೂ ಒದೆಯದೆ ತನ್ನ ಒಟ್ಟು ಕೋನೀಯ ಸಂವೇಗ (ಸುತ್ತುವ ರಭಸ) ಬದಲಿಸಲಾರದು. ನಿಜವಾದ ಮೋಟೋಕ್ರಾಸ್ ಸವಾರರು ಗಾಳಿಯಲ್ಲಿ ಎಕ್ಸಲರೇಟರ್ ಕೊಟ್ಟು ಮೂತಿ ಎತ್ತುತ್ತಾರೆ, ಹಿಂದಿನ ಬ್ರೇಕ್ ಹಿಡಿದು ಮೂತಿ ಇಳಿಸುತ್ತಾರೆ. ಚಕ್ರದ ಸುತ್ತನ್ನು ಗಾಡಿಯ ಮೈಗೆ ವರ್ಗಾಯಿಸುವ ಉಪಾಯ ಅದು. ಎಲ್ಮಾದ ಸವಾರನಿಗೆ ಮಾತ್ರ ಶೂನ್ಯದಿಂದ ಒದೆತ ಸಿಗುತ್ತದೆ. ಉಳಿದೆಲ್ಲ ಕಡೆ ಇಷ್ಟು ನಿಷ್ಠುರವಾಗಿರುವ ಆಟ ಇದೊಂದು ಕಡೆ ನಮ್ಮ ಮೇಲೆ ದಯೆ ತೋರಿದೆ.

ಒಂದು ವೋಲ್ಟ್ ಹೊಡೆದ ಮೇಲೆ ಮುಂದಿನದಕ್ಕೆ ಚೂರು ಸಮಯ ಬೇಕು. ಕೀಯನ್ನು ಟಕಟಕ ಅಂತ ಎಷ್ಟು ಬೇಗ ಕುಟ್ಟಿದರೂ ಅಷ್ಟು ವೋಲ್ಟ್ ಬರುವುದಿಲ್ಲ. ಅದರ ತಾಳಕ್ಕೆ ಬೆರಳನ್ನು ಹೊಂದಿಸಬೇಕು. ಎರಡೂ ಬಾಣಗಳನ್ನು ಒಂದೇ ಕ್ಷಣಕ್ಕೆ ಒತ್ತಿದರೆ ಮಾಮೂಲಿಗಿಂತ ಜೋರಾದ ಒಂದು ವಿಚಿತ್ರ ಒದೆತ ಬರುತ್ತದೆ. ದಾಖಲೆಗೆ ಆಡುವವರು ಅದನ್ನು ಧಾರಾಳವಾಗಿ ಬಳಸುತ್ತಾರೆ. ಸದ್ಯಕ್ಕೆ ನಮಗೆ ಬೇಡ.

ಅಭ್ಯಾಸ ಹೀಗೆ ಮಾಡಿ. ಸಮತಟ್ಟು ಜಾಗದಲ್ಲಿ ನಿಂತು ಬೆನ್ನ ಕಡೆಯ ಬಾಣ ಒತ್ತಿ. ಮೂತಿ ಏಳುತ್ತದೆ. ಅದು ಹಿಂದಕ್ಕೆ ಮಗುಚುವ ಮೊದಲು ಎದುರು ಬಾಣ ಒತ್ತಿ ಇಳಿಸಿ. ಇದು ಕೈಗೆ ಬಂದ ಮೇಲೆ ಮೆತ್ತಗೆ ಎಕ್ಸಲರೇಟರ್ ತಟ್ಟುತ್ತಾ ಹಿಂದಿನ ಚಕ್ರದ ಮೇಲೆ ಸ್ವಲ್ಪ ದೂರ ಹೋಗಿ. ಬೆಂಗಳೂರಿನ ರಸ್ತೆಯಲ್ಲಿ ವೀಲಿಂಗ್ ಮಾಡಿದರೆ ಪೊಲೀಸರು ಗಾಡಿ ಸೀಜ್ ಮಾಡುತ್ತಾರೆ, ಇಲ್ಲಿ ಎಷ್ಟು ಬೇಕಾದರೂ ಮಾಡಿ.

## ಹಂತ 3: ಎಕ್ಸಲರೇಟರ್ ತಟ್ಟುವುದು

ಮೇಲಿನ ಬಾಣದ ಕೀಗೆ ಅರ್ಧ, ಕಾಲು ಅಂತ ಇಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಹಾಗಾಗಿ ನಿಧಾನಕ್ಕೆ ಹೋಗಲು ಇರುವ ದಾರಿ ಒಂದೇ: ತಟ್ಟಿ ಬಿಡುವುದು, ತಟ್ಟಿ ಬಿಡುವುದು. ತಟ್ಟುಗಳ ನಡುವಿನ ಬಿಡುವು ಹೆಚ್ಚು ಮಾಡಿದರೆ ವೇಗ ಕಡಿಮೆ.

ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಎಕ್ಸಲರೇಟರ್ ಕೊಟ್ಟು ಪ್ರಯೋಜನವಿಲ್ಲ, ಮೇಲೆ ಹೇಳಿದ ಚಿಮ್ಮುವ ಅಪಾಯ ಬೇರೆ. ಹಾರಿದ ತಕ್ಷಣ ಬೆರಳು ಎತ್ತುವ ಅಭ್ಯಾಸ ಮಾಡಿಕೊಳ್ಳಿ. ಇದನ್ನು ಕಲಿಯುವುದೇ ಬಹಳ ಜನರಿಗೆ ಕಷ್ಟ, ಯಾಕೆಂದರೆ ಗಾಬರಿಯಾದಾಗ ಕೈ ತಾನಾಗಿಯೇ ಬಿಗಿಯುತ್ತದೆ.

## ಹಂತ 4: ಮುಖ ತಿರುಗಿಸುವುದು

ಸ್ಪೇಸ್ ಒತ್ತಿದರೆ ಬೈಕು, ಸವಾರ ಇಬ್ಬರೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತಾರೆ. ಗಾಡಿ ಸಾಗುತ್ತಿದ್ದ ವೇಗ, ದಿಕ್ಕು ಹಾಗೇ ಇರುತ್ತದೆ. ಆದರೆ ಮುಂದಿನ ಚಕ್ರ ಈಗ ಹಿಂದಿನದು, ಹಿಂದಿನದು ಮುಂದಿನದು. ಅಂದರೆ ಎಂಜಿನ್ನೂ ಇನ್ನೊಂದು ಚಕ್ರಕ್ಕೆ ಹೋಯಿತು.

ಇದರಿಂದ ಮೂರು ಉಪಯೋಗ. ಮೊದಲನೆಯದು ಗೊತ್ತಿರುವುದೇ, ವಾಪಸ್ ಬರುವುದು. ಎರಡನೆಯದು: ಒಂದೇ ಚಕ್ರ ನೆಲ ಮುಟ್ಟಿದೆ, ಅದು ಮುಂದಿನದು, ಗಾಡಿ ಕದಲುತ್ತಿಲ್ಲ ಅಂದುಕೊಳ್ಳಿ. ಸ್ಪೇಸ್ ಒತ್ತಿದರೆ ಅದೇ ಚಕ್ರಕ್ಕೆ ಶಕ್ತಿ ಬರುತ್ತದೆ, ಅಲ್ಲಿಂದ ಬಿಡಿಸಿಕೊಳ್ಳಬಹುದು. ಮೂರನೆಯದು ಪ್ರಾಣ ಉಳಿಸುವ ಉಪಾಯ. ಸವಾರನ ತಲೆ ಗಾಡಿಯ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಮುಖ ತಿರುಗಿಸಿದರೆ ತಲೆಯೂ ಪಕ್ಕ ಬದಲಿಸುತ್ತದೆ. ಚಾವಣಿಯ ಮೂಲೆಗೆ ತಲೆ ಬಡಿಯಲಿದೆ ಅನ್ನುವಾಗ ಸ್ಪೇಸ್ ಒತ್ತಿದರೆ ಕೂದಲೆಳೆಯಲ್ಲಿ ಪಾರಾಗಬಹುದು. ಇದೇ ಉಪಾಯದಿಂದ, ಚಕ್ರಕ್ಕೆ ಎಟುಕದ ಸೇಬನ್ನು ತಲೆಯಿಂದ ಮುಟ್ಟುವವರೂ ಇದ್ದಾರೆ.

## ಹಂತ 5: ಏರು, ಮೆಟ್ಟಿಲು, ಗೋಡೆ

ಏರಿನಲ್ಲಿ ಗಾಡಿ ಹಿಂದಕ್ಕೆ ಮಗುಚಲು ಕಾರಣ ಒಂದೇ, ಎಕ್ಸಲರೇಟರ್ ಮೂತಿ ಎತ್ತುತ್ತದೆ. ಏರು ಅದಾಗಲೇ ಎತ್ತಿರುತ್ತದೆ, ಎರಡೂ ಸೇರಿ ಆಯ ತಪ್ಪುತ್ತದೆ. ಮದ್ದು ಹೀಗಿದೆ. ಎಕ್ಸಲರೇಟರ್ ಹಿಡಿದಿರಿ, ಮೂತಿ ಏಳಲು ಶುರುವಾಯಿತು ಅನ್ನುವಾಗ ಮುಖ ಇರುವ ಕಡೆಯ ವೋಲ್ಟ್ ಒಂದು ಹೊಡೆಯಿರಿ. ಮೂತಿ ಕೂರುತ್ತದೆ. ಮತ್ತೆ ಏಳುತ್ತದೆ, ಮತ್ತೆ ಹೊಡೆಯಿರಿ. ಮೂತಿ ಎದ್ದ ಮೇಲೆ ಹೊಡೆದರೆ ತಡವಾಗುತ್ತದೆ. ಏಳುವ ಮೊದಲು ಹೊಡೆದರೆ ಹಿಂದಿನ ಚಕ್ರ ನೆಲ ಬಿಡುತ್ತದೆ, ಇದ್ದ ವೇಗವೂ ಹೋಗುತ್ತದೆ. ಈ ಎರಡರ ನಡುವಿನ ಕ್ಷಣ ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಐದನೇ ಲೆವೆಲ್ಲಿನ ಹೆಸರೇ 'ಅಪ್‌ಹಿಲ್ ಬ್ಯಾಟಲ್', ಅಷ್ಟರೊಳಗೆ ಇದು ಕೈಗೆ ಬಂದಿರಲಿ.

ಮೆಟ್ಟಿಲು ಅಥವಾ ನೆಟ್ಟಗಿನ ಕಟ್ಟೆ ಎದುರಾದಾಗ ಜೋರಾಗಿ ಬಂದು ಗುದ್ದಬೇಡಿ. ಹತ್ತಿರ ಬಂದು ನಿಲ್ಲಿ. ಬೆನ್ನ ಕಡೆಯ ವೋಲ್ಟ್‌ನಿಂದ ಮೂತಿ ಎತ್ತಿ, ಚೂರು ಎಕ್ಸಲರೇಟರ್ ಕೊಟ್ಟು ಮುಂದಿನ ಚಕ್ರವನ್ನು ಕಟ್ಟೆಯ ಮೇಲೆ ಇಡಿ. ಈಗ ಕಟ್ಟೆಯ ಅಂಚು ಎರಡು ಚಕ್ರಗಳ ನಡುವೆ ಇದೆ. ಗಾಡಿಯ ಹೊಟ್ಟೆಗೆ ಅಂಚು ತಾಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ, ಆ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂದಿನ ಚಕ್ರ ಗೋಡೆಗೆ ಒತ್ತಿಕೊಂಡಿದೆ, ಹಿಡಿತ ಜೋರಾಗಿದೆ. ಮುಖದ ಕಡೆಯ ವೋಲ್ಟ್ ಹೊಡೆಯುತ್ತಾ ಎಕ್ಸಲರೇಟರ್ ಕೊಟ್ಟರೆ ಹಿಂದಿನ ಚಕ್ರ ಗೋಡೆಯನ್ನೇ ಹತ್ತಿಕೊಂಡು ಮೇಲೆ ಬರುತ್ತದೆ.

ಇದನ್ನು ಚೆನ್ನಾಗಿ ಕಲಿತವರಿಗೆ ನೇತಾಡುವುದು ಹೊಸದಲ್ಲ. ಮುಂದಕ್ಕೆ ಚಾಚಿದ ತೆಳು ಬಂಡೆಯ ಒಂದು ಬದಿಗೆ ಒಂದು ಚಕ್ರ, ಇನ್ನೊಂದು ಬದಿಗೆ ಇನ್ನೊಂದು. ಬಂಡೆಯ ತುದಿ ಗಾಡಿಯ ಒಳಗೆ. ಸ್ಪ್ರಿಂಗುಗಳು ಹಿಗ್ಗಿ, ಗಾಡಿ ಪ್ರಪಾತದ ಮೇಲೆ ಹಾಗೇ ನೇತಾಡುತ್ತದೆ. ಬ್ರೇಕ್ ಹಿಡಿದರೆ ಚಕ್ರ ಕದಲದೆ ಅಲ್ಲೇ ಉಳಿಯಬಹುದು. 'ಹ್ಯಾಂಗ್ ಟೈಟ್', 'ಹುಕ್ಡ್' ಅನ್ನುವ ಲೆವೆಲ್‌ಗಳು ಪಟ್ಟಿಯ ತೀರಾ ಕೊನೆಯಲ್ಲಿ ಬರುವುದು ಸುಮ್ಮನೆ ಅಲ್ಲ.

## ಹಂತ 6: ಹಾರುವುದು, ಇಳಿಯುವುದು

ಹಾರುವುದಕ್ಕೆ ಪಾಠ ಬೇಡ, ಅದು ತಾನಾಗಿಯೇ ಆಗುತ್ತದೆ. ಇಳಿಯುವುದಕ್ಕೆ ಬೇಕು.

ಇಳಿಯುವ ಜಾಗದ ಓರೆ ಹೇಗಿದೆಯೋ ಗಾಡಿಯ ಓರೆಯೂ ಹಾಗೇ ಇರಬೇಕು, ಎರಡು ಚಕ್ರವೂ ಒಟ್ಟಿಗೆ ತಾಗಬೇಕು. ಹೊಸಬರು ಗಾಳಿಯಲ್ಲಿ ಗಾಡಿಯನ್ನು ನೋಡುತ್ತಾರೆ. ನೋಡಬೇಕಾದದ್ದು ನೆಲವನ್ನು. ಹಾರಿದ ಕೂಡಲೇ ಕಣ್ಣು ಇಳಿಯುವ ಜಾಗಕ್ಕೆ ಹೋಗಲಿ. ಬೇಕಾದ ವೋಲ್ಟನ್ನು ಮೊದಲೇ ಹೊಡೆದು ಬಿಡಿ, ನೆಲ ಹತ್ತಿರ ಬಂದ ಮೇಲೆ ತಿದ್ದಲು ಹೋದರೆ ಅತಿಯಾಗುತ್ತದೆ.

ಆಯ್ಕೆ ಇದ್ದರೆ ಇಳಿಜಾರಿನ ಮೇಲೆ ಇಳಿಯಿರಿ. ಕೆಳಕ್ಕೆ ಬೀಳುವ ವೇಗದ ಒಂದು ಪಾಲು ಮುಂದಕ್ಕೆ ಹೋಗುವ ವೇಗವಾಗುತ್ತದೆ, ಸ್ಪ್ರಿಂಗಿನ ಮೇಲಿನ ಪೆಟ್ಟು ಕಡಿಮೆ. ಸಮತಟ್ಟು ನೆಲದ ಮೇಲೆ ಬಹಳ ಎತ್ತರದಿಂದ ಬಿದ್ದರೆ ಮೈ ಕುಗ್ಗಿ ತಲೆ ತಾಗಬಹುದು. ಅಂಥಲ್ಲಿ ಮೂತಿ ಸ್ವಲ್ಪ ಎತ್ತಿ, ಹಿಂದಿನ ಚಕ್ರ ಒಂದು ಗಳಿಗೆ ಮೊದಲು ತಾಗುವ ಹಾಗೆ ಇಳಿದು, ತಾಗಿದ ಕೂಡಲೇ ಮುಖದ ಕಡೆಯ ವೋಲ್ಟ್ ಹೊಡೆಯಿರಿ. ಪೆಟ್ಟು ಎರಡು ಕಂತಿನಲ್ಲಿ ಬರುತ್ತದೆ. ಇನ್ನೊಂದು ಸಮಾಧಾನದ ಲೆಕ್ಕ: ಎತ್ತರ ನಾಲ್ಕು ಪಟ್ಟಾದರೆ ಬೀಳುವ ವೇಗ ಎರಡು ಪಟ್ಟು ಮಾತ್ರ ಆಗುತ್ತದೆ. ಭಯಪಟ್ಟಷ್ಟು ಕೆಟ್ಟದ್ದೇನೂ ಆಗುವುದಿಲ್ಲ.

## ಹಂತ 7: ಪೂರ್ತಿ ಸುತ್ತು

'ಲೂಪ್-ಡಿ-ಲೂಪ್' ಅಂಥ ಲೆವೆಲ್ಲಿನಲ್ಲಿ ಉರುಟು ಗೋಡೆಯ ಒಳಗಿನಿಂದ ಪೂರ್ತಿ ಸುತ್ತು ಹೋಗಬೇಕಾಗುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇದು ಪರಿಚಯದ ಲೆಕ್ಕ. ಸುತ್ತಿನ ನೆತ್ತಿಯಲ್ಲಿ ಗಾಡಿ ಗೋಡೆ ಬಿಡದಿರಲು, ವೇಗದ ವರ್ಗ ಗುರುತ್ವ ಮತ್ತು ಸುತ್ತಿನ ತ್ರಿಜ್ಯದ ಗುಣಲಬ್ಧಕ್ಕಿಂತ ಕಡಿಮೆ ಇರಬಾರದು. ಎಂಜಿನ್ ಇಲ್ಲದ ವಸ್ತುವಾದರೆ, ನೆತ್ತಿಯಲ್ಲಿ ಬೇಕಾದ ವೇಗದ ಸುಮಾರು 2.2 ಪಟ್ಟು ವೇಗ ತಳದಲ್ಲೇ ಇರಬೇಕು. ನಮಗೆ ಎಂಜಿನ್ ಇದೆ, ಹಿಡಿತವೂ ಇದೆ, ಹಾಗಾಗಿ ಅಷ್ಟು ಬೇಡ. ಆದರೆ ಗೋಡೆ ಹತ್ತುವಾಗ ಎಕ್ಸಲರೇಟರ್ ಬಿಡುವ ಹಾಗಿಲ್ಲ.

ಇದೊಂದೇ ಜಾಗದಲ್ಲಿ ನನ್ನ ಮೊದಲ ಸಲಹೆಯನ್ನು ಬದಿಗಿಡಬಹುದು. ಕೀ ಒತ್ತಿ ಹಿಡಿಯಿರಿ, ವೋಲ್ಟ್ ಆದಷ್ಟು ಕಡಿಮೆ ಮಾಡಿ. ಗೋಡೆಯೇ ಗಾಡಿಯನ್ನು ತಿರುಗಿಸುತ್ತದೆ. ನಡುವೆ ವೋಲ್ಟ್ ಹೊಡೆದರೆ ಒಂದು ಚಕ್ರ ಗೋಡೆ ಬಿಟ್ಟು ಗಾಡಿ ಕಳಚಿ ಬೀಳುತ್ತದೆ. ವೇಗ ಸಾಲದು ಅಂತ ಅನಿಸಿದರೆ ಅರ್ಧಕ್ಕೆ ಮೊದಲೇ ಎಕ್ಸಲರೇಟರ್ ಬಿಟ್ಟು ಹಿಂದಕ್ಕೆ ಉರುಳಿ ಬನ್ನಿ. ನೆತ್ತಿಯ ಹತ್ತಿರ ಹೋಗಿ ಮನಸ್ಸು ಬದಲಿಸಿದರೆ ತಲೆ ಕೆಳಗಾಗಿ ಬೀಳುವುದು ಖಾತ್ರಿ.

## ಹಂತ 8: ಗುರುತ್ವ ಬದಲಿಸುವ ಸೇಬು

ಕೆಲವು ಸೇಬುಗಳನ್ನು ಮುಟ್ಟಿದ ತಕ್ಷಣ ಗುರುತ್ವದ ದಿಕ್ಕೇ ಬದಲಾಗುತ್ತದೆ. ಚಾವಣಿ ನೆಲವಾಗುತ್ತದೆ, ಅಥವಾ ಪಕ್ಕದ ಗೋಡೆ ನೆಲವಾಗುತ್ತದೆ. ವೋಲ್ಟ್‌ನ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಎಡ ಬಾಣ ಗಡಿಯಾರಕ್ಕೆ ವಿರುದ್ಧ, ಬಲ ಬಾಣ ಗಡಿಯಾರದ ದಿಕ್ಕಿಗೆ. ಅಂಥ ಸೇಬನ್ನು ಮುಟ್ಟುವ ಮೊದಲೇ 'ಮುಂದೆ ಯಾವ ಕಡೆ ಬೀಳುತ್ತೇನೆ' ಅಂತ ಯೋಚಿಸಿ, ಅದಕ್ಕೆ ತಕ್ಕ ವೋಲ್ಟ್‌ಗೆ ಬೆರಳು ಸಿದ್ಧ ಮಾಡಿಕೊಳ್ಳಿ. ಮುಟ್ಟಿದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ. ಸಾಧ್ಯವಿದ್ದರೆ ನಿಧಾನವಾಗಿ ಬಂದು ಮುಟ್ಟಿ.

## ಹಂತ 9: ದಾರಿ ಆರಿಸುವುದು

ಹೊಸ ಲೆವೆಲ್ ತೆರೆದಾಗ ಮೊದಲ ಕೆಲವು ಸಲ ಗೆಲ್ಲಲು ನೋಡಬೇಡಿ, ಸುಮ್ನೆ ಸುತ್ತಿ ಬನ್ನಿ. ಆಟದಲ್ಲಿ ಚಿಕ್ಕ ನಕಾಶೆ ತೋರಿಸುವ ನ್ಯಾವಿಗೇಟರ್ ಇದೆ, ಆನ್ ಮಾಡಿಕೊಳ್ಳಿ. ಯಾವ ಸೇಬು ಗುಂಡಿಯಲ್ಲಿದೆ, ಯಾವುದರಿಂದ ವಾಪಸ್ ಬರಲು ಆಗುವುದಿಲ್ಲ, ಹೂವು ಎಲ್ಲಿದೆ ಅಂತ ನೋಡಿ. ಒಮ್ಮೆ ಇಳಿದರೆ ಹತ್ತಲಾಗದ ಜಾಗದಲ್ಲಿ ಹೂವು ಇದ್ದರೆ, ಮೇಲಿನ ಸೇಬುಗಳನ್ನೆಲ್ಲ ಮೊದಲೇ ಮುಗಿಸಬೇಕು ಅಂತ ಅರ್ಥ.

ಕಷ್ಟದ ಸೇಬನ್ನು ಮೊದಲು ತಿನ್ನುವುದು ಒಳ್ಳೆಯದು. ಚೆಕ್‌ಪಾಯಿಂಟ್ ಇಲ್ಲದ ಆಟದಲ್ಲಿ ಸುಲಭದ್ದನ್ನೆಲ್ಲ ಮುಗಿಸಿ ಕೊನೆಯ ಕಷ್ಟದ್ದರಲ್ಲಿ ಸತ್ತರೆ ಸಮಯವೂ ಹಾಳು, ತಾಳ್ಮೆಯೂ ಹಾಳು. ಮೊದಲೇ ಸತ್ತರೆ ಅಷ್ಟು ನಷ್ಟವಿಲ್ಲ. ಫಿನ್‌ಲೆಂಡಿನ ರೆಡ್‌ಲಿಂಕ್ಸ್ ಕಂಪನಿ ಮಾಡಿದ 'ಟ್ರಯಲ್ಸ್' ಬೈಕ್ ಆಟಗಳ ಸರಣಿಯಿಂದ ಬಂದವರಿಗೆ ಇದು ಬಹಳ ಕಾಡುತ್ತದೆ. ಅಲ್ಲಿ ಹೆಜ್ಜೆಹೆಜ್ಜೆಗೂ ಚೆಕ್‌ಪಾಯಿಂಟ್, ಇಲ್ಲಿ ಆ ಉಪಕಾರ ಇಲ್ಲ.

ಒಂದು ಲೆವೆಲ್ ಆಗುವುದೇ ಇಲ್ಲ ಅನಿಸಿದರೆ ಸ್ಕಿಪ್ ಮಾಡಿ ಮುಂದೆ ಹೋಗಬಹುದು. ನಾಚಿಕೆ ಏನೂ ಬೇಡ. ಲೆವೆಲ್‌ಗಳು ಅಚ್ಚುಕಟ್ಟಾಗಿ ಸುಲಭದಿಂದ ಕಷ್ಟಕ್ಕೆ ಹೋಗುವುದಿಲ್ಲ. ನನ್ನ ಪ್ರಕಾರ ನಡುವಿನ ಕೆಲವು, ಕೊನೆಯ ಕೆಲವಕ್ಕಿಂತ ಕಷ್ಟ. ಮುಂದಿನ ಎರಡು ಮುಗಿಸಿ ವಾಪಸ್ ಬಂದರೆ ಬೆರಳಿಗೆ ಹೊಸದೇನೋ ಗೊತ್ತಾಗಿರುತ್ತದೆ.

## ಹಂತ 10: ಸಮಯ ಇಳಿಸುವುದು

ಮುಗಿಸಿದ ಲೆವೆಲ್ಲಿನ ಸಮಯವನ್ನು ಆಟ ಸೆಕೆಂಡಿನ ನೂರರಲ್ಲಿ ಒಂದು ಭಾಗದವರೆಗೆ ಅಳೆಯುತ್ತದೆ, ಪ್ರತಿ ಲೆವೆಲ್ಲಿಗೂ ಒಳ್ಳೆಯ ಹತ್ತು ಸಮಯಗಳ ಪಟ್ಟಿ ಇಡುತ್ತದೆ. ಆಟದ ನಿಜವಾದ ಗೀಳು ಹಿಡಿಯುವುದು ಇಲ್ಲಿಂದ. 54 ಲೆವೆಲ್‌ಗಳ ಒಳ್ಳೆಯ ಸಮಯ ಕೂಡಿಸಿ 'ಒಟ್ಟು ಸಮಯ' ಲೆಕ್ಕ ಹಾಕುವುದು ಎಲ್ಮಾ ಆಡುವವರ ಹಳೆಯ ಪದ್ಧತಿ.

ಪ್ರತಿ ಓಟದ ನಂತರ ರೀಪ್ಲೇ ಉಳಿಸಿಕೊಳ್ಳಬಹುದು. ಗೆದ್ದ ಓಟದ ರೀಪ್ಲೇ ನೋಡುವಾಗ ಒಂದೇ ವಿಷಯ ಹುಡುಕಿ: ಗಾಡಿ ಎಲ್ಲೆಲ್ಲಿ ಬೇಡದೆ ಪುಟಿಯಿತು? ಪುಟಿದಷ್ಟು ಹೊತ್ತೂ ಹಿಂದಿನ ಚಕ್ರ ಗಾಳಿಯಲ್ಲಿದೆ, ಅಂದರೆ ವೇಗ ಹೆಚ್ಚುತ್ತಿಲ್ಲ. ವೇಗವಾಗಿ ಆಡುವವರ ರೀಪ್ಲೇ ನೋಡಿದರೆ ಗಾಡಿ ನೆಲಕ್ಕೆ ಅಂಟಿಕೊಂಡು ಹರಿದ ಹಾಗೆ ಕಾಣುತ್ತದೆ. ದಿಬ್ಬದ ನೆತ್ತಿಗೆ ಬರುವ ಚೂರು ಮೊದಲೇ ಮುಖದ ಕಡೆಯ ವೋಲ್ಟ್ ಹೊಡೆದು ಮೂತಿಯನ್ನು ಆಚೆಯ ಇಳಿಜಾರಿಗೆ ಒತ್ತಿಬಿಡುತ್ತಾರೆ. ಹಾರುವುದು ನೋಡಲು ಚೆಂದ, ಸಮಯಕ್ಕೆ ನಷ್ಟ.

ಮನೆಯಲ್ಲಿ ಇನ್ನೊಬ್ಬರು ಆಡುವವರಿದ್ದರೆ ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಸೌಲಭ್ಯವೂ ಇದೆ. ಹೊರಗಿನವರ ಜೊತೆ ಪೈಪೋಟಿ ಬೇಕಾದರೆ ಅಭಿಮಾನಿಗಳು ಕಟ್ಟಿದ 'ಎಲ್ಮಾ ಆನ್‌ಲೈನ್' ಇದೆ. ಅಲ್ಲಿ 'ಬ್ಯಾಟಲ್' ಅಂದರೆ ಆಗಷ್ಟೇ ಕೊಟ್ಟ ಹೊಸ ಲೆವೆಲ್ಲಿನಲ್ಲಿ ನಿಗದಿತ ನಿಮಿಷಗಳೊಳಗೆ ಯಾರ ಸಮಯ ಕಡಿಮೆ ಅಂತ ನೋಡುವುದು.

## ನಿಮ್ಮದೇ ಅಭ್ಯಾಸದ ಲೆವೆಲ್

ಆಟದ ಜೊತೆಗೇ ಲೆವೆಲ್ ಎಡಿಟರ್ ಬರುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ, ಕಲಿಯಲು ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಇದರಲ್ಲಿ ನೆಲವೆಲ್ಲ ಗೆರೆಗಳಿಂದ ಮಾಡಿದ ಬಹುಭುಜ. ನಿಜವಾದ ಬಾಗು ಗೆರೆ ಇಲ್ಲ, ಚಿಕ್ಕ ಚಿಕ್ಕ ನೇರ ಗೆರೆ ಸೇರಿಸಿ ಬಾಗು ಮಾಡಬೇಕು.

ಮೊದಲು ಉದ್ದನೆಯ ಸಮತಟ್ಟು ನೆಲ ಎಳೆಯಿರಿ. ಅದರ ಮೇಲೆ ಒಂದು ಚಕ್ರದ ಎತ್ತರದ ಕಟ್ಟೆ, ಸ್ವಲ್ಪ ದೂರದಲ್ಲಿ ಎರಡು ಚಕ್ರದ ಎತ್ತರದ್ದು, ಆಮೇಲೆ ಮೂರರದ್ದು. ಪ್ರತಿ ಕಟ್ಟೆಯ ಮೇಲೆ ಒಂದು ಸೇಬು ಇಡಿ, ಕೊನೆಯಲ್ಲಿ ಹೂವು. ಚಾವಣಿಯನ್ನು ಮೊದಲಿಗೆ ಬಹಳ ಎತ್ತರದಲ್ಲಿಡಿ. ಮೂರೂ ಕಟ್ಟೆ ತಡವರಿಸದೆ ಹತ್ತಲು ಬಂದ ಮೇಲೆ ಚಾವಣಿಯನ್ನು ಇಳಿಸುತ್ತಾ ಬನ್ನಿ, ತಲೆ ತಾಗದ ಹಾಗೆ ನೋಡಿಕೊಳ್ಳುವ ಪಾಠವೂ ಅದರಲ್ಲೇ ಆಗುತ್ತದೆ. ಬಲಕ್ಕೆ ಹೋಗುವುದು ಸಲೀಸಾದ ಮೇಲೆ ಹೂವನ್ನು ಶುರುವಿನ ಜಾಗಕ್ಕೆ ತಂದಿಟ್ಟು, ಕೊನೆಯ ಕಟ್ಟೆಯ ಆಚೆ ಇನ್ನೊಂದು ಸೇಬು ಸೇರಿಸಿ. ಈಗ ಅದೇ ಕಟ್ಟೆಗಳನ್ನು ಎಡಮುಖವಾಗಿ ಹತ್ತಿ ವಾಪಸ್ ಬರಬೇಕು.